ನೋಡುಗ ಎಲ್ಲಿ ನಿಲ್ಲಬೇಕು? ಹೊಸ ದೃಶ್ಯಮಾಧ್ಯಮಗಳ ಕಲಿಕೆ ಮತ್ತು ಮಲೆನಾಡು



ನಾನು ಇಂದು ಮಾತನಾಡಲಿರುವುದು ಸಿನಿಮಾದ ಹೊಸ ದಾರಿಗಳ ಬಗ್ಗೆ ಮತ್ತು ಆ ದಾರಿಯಲ್ಲಿ ನಡೆಯುವುದನ್ನು ನಮ್ಮ ಮಕ್ಕಳು ಹೇಗೆ ಕಲಿಯಬೇಕು ಎಂಬುದರ ಬಗ್ಗೆ. ಸುತ್ತಮುತ್ತಲಿನ ಎಲ್ಲವನ್ನೂ ಒಂದೇ ಸಲಕ್ಕೆ ಸೆರೆಹಿಡಿಯುವ 360 ಡಿಗ್ರಿ ಕ್ಯಾಮೆರಾ, ತಲೆಗೆ ಕಟ್ಟಿಕೊಂಡು ನೋಡುವ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್, ನೂರಾರು ಫೋಟೊಗಳಿಂದ ಒಂದು ಗುಡಿಯನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟುವ ಫೋಟೊಗ್ರಾಮೆಟ್ರಿ, ಎಲ್ಲ ದಿಕ್ಕುಗಳಿಂದ ಕೇಳಿಸುವ ಧ್ವನಿಮುದ್ರಣ, ಇವೆಲ್ಲ ಈಗ ಪ್ರಯೋಗಾಲಯದಿಂದ ಹೊರಬಂದು ಊರೂರಿಗೂ ಎಟುಕತೊಡಗಿವೆ. ಒಂದು ಒಳ್ಳೆಯ ಮೊಬೈಲಿನ ಬೆಲೆಗೆ 360 ಡಿಗ್ರಿ ಕ್ಯಾಮೆರಾ ಸಿಗುವ ಕಾಲ ಇದು.

ಮಾತನ್ನು ನಾಲ್ಕು ಭಾಗಗಳಲ್ಲಿ ಮುಂದಿಡುತ್ತೇನೆ. ಸಿನಿಮಾ ಕಲಿಕೆಯ ವಿಷಯದಲ್ಲಿ ಮಲೆನಾಡಿನ ಈ ಸೀಮೆಯೇ ನಮಗೆ ಕಲಿಸಿಕೊಟ್ಟ ಪಾಠ ಮೊದಲನೆಯದು. ಹೊಸ ಮಾಧ್ಯಮದಲ್ಲಿ ನಿಜಕ್ಕೂ ಹೊಸತೇನು ಎಂಬುದು ಎರಡನೆಯದು. ಕಲಿಕೆಯ ಅಂಗಳಕ್ಕಿಳಿದು ಒಂದೆರಡು ಅಭ್ಯಾಸಗಳನ್ನು ಹತ್ತಿರದಿಂದ ನೋಡುವುದು ಮೂರನೆಯದು. ನಾಲ್ಕನೆಯದು ಹೊಣೆಗಾರಿಕೆಯ ಮಾತು. ಈ ನಾಲ್ಕನ್ನೂ ಒಂದೇ ಪ್ರಶ್ನೆ ಹೆಣೆಯುತ್ತದೆ: ನೋಡುಗನನ್ನು ನಾವು ಎಲ್ಲಿ ನಿಲ್ಲಿಸುತ್ತೇವೆ? ಇದಕ್ಕೆ ಉತ್ತರ ಯಂತ್ರದಲ್ಲಿ ಸಿಗುವುದಿಲ್ಲ, ಒಂದು ಊರನ್ನು ಬಲ್ಲ ತಿಳಿವಳಿಕೆಯಲ್ಲಿ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲನೆಯ ವಿಚಾರಕ್ಕೆ ಬರುತ್ತೇನೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಹುಟ್ಟಿತು. ನೀನಾಸಮ್ ಎಂದರೆ ನಾಡಿಗೆಲ್ಲ ಮೊದಲು ನೆನಪಾಗುವುದು ನಾಟಕ. 1980ರಲ್ಲಿ ಆರಂಭವಾದ ರಂಗಶಿಕ್ಷಣ ಕೇಂದ್ರ, ಊರೂರಿಗೆ ನಾಟಕ ಒಯ್ಯಲು 1985ರಲ್ಲಿ ಹೊರಟ 'ತಿರುಗಾಟ' ತಂಡ, ಇವೆಲ್ಲ ನಿಮಗೆ ಗೊತ್ತೇ ಇವೆ. ಅದಕ್ಕೂ ಮೊದಲು, 1973ರಲ್ಲಿ, ಅಲ್ಲಿ ನೀನಾಸಮ್ ಚಿತ್ರಸಮಾಜ ಆರಂಭವಾಗಿತ್ತು ಎಂಬುದನ್ನು ಇಂದು ವಿಶೇಷವಾಗಿ ನೆನೆಯಬೇಕು. ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರಂಥವರ ಚಿತ್ರಗಳು ಮಹಾನಗರದ ಫಿಲಂ ಸೊಸೈಟಿಗಳ ಸೊತ್ತು ಎಂಬ ಭಾವನೆಯಿದ್ದ ಕಾಲದಲ್ಲಿ, ಅಡಿಕೆ ತೋಟ ಮತ್ತು ಗದ್ದೆಯ ಕೆಲಸ ಮುಗಿಸಿ ಬಂದವರು ಆ ಪರಂಪರೆಯ ಚಿತ್ರಗಳನ್ನು ಒಟ್ಟಿಗೆ ಕುಳಿತು ನೋಡಿದರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಚಿತ್ರ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅವರು ಹೆಗ್ಗೋಡಿಗೆ ಬಂದು ಪಾಠ ಮಾಡಿದರು. ಎಂಬತ್ತರ ದಶಕದ 'ಜನಸ್ಪಂದನ' ಯೋಜನೆಯ ಮೂಲಕ ಈ ಕೆಲಸ ಕರ್ನಾಟಕದ ಬೇರೆ ಬೇರೆ ಊರುಗಳಿಗೂ ಹರಡಿತು. ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದರ ಹಿಂದೆ ನಾಟಕದ ಜೊತೆಗೆ ಈ ದುಡಿಮೆಯೂ ಇತ್ತು.

ಈ ಪ್ರಯೋಗದಿಂದ ನಾವು ಎರಡು ಸಂಗತಿಗಳನ್ನು ಎತ್ತಿಕೊಳ್ಳಬಹುದು. ಒಂದು, ಅಲ್ಲಿ ಕಲಿಕೆ ಶುರುವಾದದ್ದು ಕ್ಯಾಮೆರಾದಿಂದಲ್ಲ, ನೋಡುವುದರಿಂದ. ಒಂದು ದೃಶ್ಯ ಏಕೆ ಇಷ್ಟು ಹೊತ್ತು ನಿಂತಿದೆ, ಕ್ಯಾಮೆರಾ ಏಕೆ ಇಷ್ಟು ಕೆಳಗಿದೆ, ಈ ಸದ್ದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವ ಅಭ್ಯಾಸ ಮೊದಲು ಬೆಳೆಯಿತು. ಎರಡು, ನೋಡಿದ್ದನ್ನು ಕೂಡಿ ಚರ್ಚಿಸಿದರು. ಚಿತ್ರ ಮುಗಿದ ಮೇಲೆ ಆಡುವ ಮಾತು ಚಿತ್ರದಷ್ಟೇ ಮುಖ್ಯವಾಗಿತ್ತು. ಹೊಸ ಮಾಧ್ಯಮಗಳ ತರಬೇತಿ ಎಂದರೆ ಸಾಫ್ಟ್‌ವೇರ್ ತರಬೇತಿ ಎಂದೇ ತಿಳಿಯುತ್ತಿರುವ ಇಂದಿನ ದಿನಗಳಲ್ಲಿ ಈ ಎರಡೂ ಮಾತುಗಳನ್ನು ನಾವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಗಿದೆ.

ಇನ್ನು ಎರಡನೆಯ ವಿಚಾರ: ಹೊಸತೇನು? ಸಿನಿಮಾದ ನೂರಕ್ಕೂ ಹೆಚ್ಚು ವರ್ಷಗಳ ವ್ಯಾಕರಣವೆಲ್ಲ ನಿಂತಿರುವುದು ಚೌಕಟ್ಟಿನ ಮೇಲೆ. ಯಾವುದನ್ನು ಚೌಕಟ್ಟಿನೊಳಗೆ ತರಬೇಕು, ಯಾವುದನ್ನು ಹೊರಗಿಡಬೇಕು ಎಂಬುದು ನಿರ್ದೇಶಕನ ಮೊದಲ ಅಧಿಕಾರ. ಆ ಚೌಕಟ್ಟನ್ನು ಒಡೆಯುವ ಹಂಬಲ ಹಳೆಯದೇ. ಅಮೆರಿಕದ ಮಾರ್ಟನ್ ಹೈಲಿಗ್ ಎಂಬ ಛಾಯಾಗ್ರಾಹಕ 1962ರಲ್ಲಿ 'ಸೆನ್ಸೊರಾಮಾ' ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಚಿತ್ರದ ಜೊತೆಗೆ ಗಾಳಿ, ವಾಸನೆ, ಆಸನದ ಕಂಪನವೂ ಇದ್ದವು. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್‌ಲ್ಯಾಂಡ್ ಅವರು ತಲೆಗೆ ಕಟ್ಟುವ ಪರದೆಯನ್ನು ರೂಪಿಸಿದರು. ತಲೆ ತಿರುಗಿಸಿದಂತೆ ಅದರೊಳಗಿನ ಚಿತ್ರವೂ ಬದಲಾಗುತ್ತಿತ್ತು. ಅಲ್ಲಿಂದ ಅರ್ಧ ಶತಮಾನ ಕಳೆದು, 2017ರ ಕಾನ್ ಚಿತ್ರೋತ್ಸವದಲ್ಲಿ ನಿರ್ದೇಶಕ ಅಲೆಹಾಂದ್ರೊ ಇನ್ಯಾರಿತು ಅವರ ವಿಆರ್ ಕೃತಿ 'ಕಾರ್ನೆ ಇ ಅರೆನಾ' ಪ್ರದರ್ಶನಗೊಂಡಿತು. ನೋಡುಗರು ಬರಿಗಾಲಲ್ಲಿ ಮರಳಿನ ಮೇಲೆ ನಿಂತು, ಗಡಿ ದಾಟಲು ಹೊರಟ ವಲಸಿಗರ ನಡುವೆ ಸುತ್ತಾಡಬೇಕಾಗಿತ್ತು. ಆಸ್ಕರ್ ಅಕಾಡೆಮಿ ಅದೇ ವರ್ಷ ಅದಕ್ಕೆ ವಿಶೇಷ ಪ್ರಶಸ್ತಿ ಕೊಟ್ಟಿತು.

ಈ ಮಾಧ್ಯಮದಲ್ಲಿ ಚೌಕಟ್ಟು ಇಲ್ಲ. ನೋಡುಗ ಎತ್ತ ಬೇಕಾದರೂ ತಿರುಗಬಹುದು. ಹಾಗಾದರೆ ನಿರ್ದೇಶಕನ ಕೈಯಲ್ಲಿ ಉಳಿದದ್ದೇನು? ನೋಡುಗನ ಜಾಗ ಉಳಿದಿದೆ. ಅವನನ್ನು ಜಗಲಿಯ ಮೇಲೆ ಕೂರಿಸುವುದೋ, ಅಂಗಳದಲ್ಲಿ ನಿಲ್ಲಿಸುವುದೋ, ಮಗುವಿನ ಎತ್ತರಕ್ಕೆ ಇಳಿಸುವುದೋ ಎಂಬ ತೀರ್ಮಾನ ಈಗ ಮೊದಲನೆಯದಾಗುತ್ತದೆ. ಉಳಿದೆಲ್ಲವೂ ಅದರ ಹಿಂದೆ ಬರುತ್ತವೆ.

ಈ ತೀರ್ಮಾನದ ಬಗ್ಗೆ ಯೋಚಿಸಲು ನಾವು ದೂರ ಹೋಗಬೇಕಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ್ ಕಾಸರವಳ್ಳಿ ಅವರು, ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ ಅವರ ಕತೆಯನ್ನು ಆಧರಿಸಿ 1977ರಲ್ಲಿ 'ಘಟಶ್ರಾದ್ಧ' ಮಾಡಿದರು. ಅದು ಆ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಪುನರುಜ್ಜೀವನಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಯಮುನಕ್ಕ ಎಂಬ ವಿಧವೆಯ ದುರಂತವನ್ನು ನಾವು ಅಲ್ಲಿ ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಪಕ್ಕದಲ್ಲಿ ನಿಂತು. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಆ ಅರಿವು ಅರೆಬರೆಯಾಗಿರುವುದರಿಂದಲೇ ಕ್ರೌರ್ಯ ನಮಗೆ ಪೂರ್ತಿಯಾಗಿ ತಟ್ಟುತ್ತದೆ. ಆ ಚಿತ್ರ ಕಪ್ಪುಬಿಳುಪಿನದು, ಸಾಧಾರಣ ಪರದೆಯದು. ಆದರೂ ನೋಡುಗನನ್ನು ಎಲ್ಲಿ ನಿಲ್ಲಿಸಬೇಕೆಂಬ ಪಾಠವನ್ನು ಅದರಷ್ಟು ಚೆನ್ನಾಗಿ ಕಲಿಸುವ ಚಿತ್ರಗಳು ವಿರಳ. ವಿಆರ್ ಕಲಿಯಹೊರಟ ವಿದ್ಯಾರ್ಥಿಗೆ ನಾನು ಮೊದಲು ತೋರಿಸುವುದು ಹೆಡ್‌ಸೆಟ್ಟನ್ನಲ್ಲ, 'ಘಟಶ್ರಾದ್ಧ'ವನ್ನು.

ಕರ್ನಾಟಕದ್ದೇ ಇನ್ನೊಂದು ಉದಾಹರಣೆ ಕೊಡುತ್ತೇನೆ. ಹೊಸ ಮಾಧ್ಯಮಗಳಲ್ಲಿ ಕೆಲಸ ಮಾಡುವ ಜೆಫ್ರಿ ಶಾ ಮತ್ತು ಸಾರಾ ಕೆಂಡರ್‌ಡೈನ್ ಅವರು 2006ರಲ್ಲಿ 'ಪ್ಲೇಸ್–ಹಂಪಿ' ಎಂಬ ಕೃತಿಯನ್ನು ರೂಪಿಸಿದರು. ಹಂಪಿಯನ್ನು ದಶಕಗಳಿಂದ ಚಿತ್ರಿಸುತ್ತ ಬಂದ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರ ವಿಶಾಲ ತ್ರಿಆಯಾಮ ಚಿತ್ರಗಳು ಅದರ ತಳಪಾಯ. ವೃತ್ತಾಕಾರದ ಪರದೆಯ ನಡುವೆ ತಿರುಗುವ ವೇದಿಕೆಯಿದೆ. ಅಲ್ಲಿ ನಿಂತು ನೋಡುವವರು ಹಂಪಿಯ ನಡುವೆಯೇ ನಿಂತಂತಾಗುತ್ತದೆ. ಆ ಕೃತಿಗೆ ತೋರಣಗಲ್ಲಿನ ಕಲಾಧಾಮ ಎಂಬ ಕಲಾಕೇಂದ್ರದಲ್ಲಿ ಕಾಯಂ ನೆಲೆ ಸಿಕ್ಕಿತು. ಇದರಲ್ಲಿ ನಾನು ಮುಖ್ಯವಾಗಿ ಗಮನಿಸುವುದು, ಹಲವರು ಒಟ್ಟಿಗೆ ನಿಂತು ನೋಡಬಹುದು ಎಂಬುದನ್ನು. ಹೆಡ್‌ಸೆಟ್ ನೋಡುಗನನ್ನು ಒಂಟಿ ಮಾಡುತ್ತದೆ. ಪಕ್ಕದವರ ಉಸಿರೂ ಅವನಿಗೆ ಕೇಳುವುದಿಲ್ಲ. ಕೂಡಿ ನೋಡುವ ಹೆಗ್ಗೋಡಿನ ಪದ್ಧತಿಗೆ ಇದು ದೊಡ್ಡ ಸವಾಲು. ಒಬ್ಬರು ಹೆಡ್‌ಸೆಟ್ ಹಾಕಿಕೊಂಡಾಗ ಅವರು ನೋಡುತ್ತಿರುವುದನ್ನೇ ಗೋಡೆಯ ಮೇಲೆ ಉಳಿದವರಿಗೂ ಬಿತ್ತರಿಸಿ, ಆಮೇಲೆ ಎಲ್ಲರೂ ಸೇರಿ ಮಾತನಾಡುವುದು ಇದಕ್ಕೆ ಸುಲಭವಾದ ಪರಿಹಾರ. ಅದೇ ಸ್ಥಳದಲ್ಲಿ ಇಬ್ಬರು ಎರಡು ಬೇರೆ ದಿಕ್ಕುಗಳಿಗೆ ತಿರುಗಿದ್ದರು ಎಂಬುದು ಗೊತ್ತಾದಾಗ, ಅದೇಕೆ ಹಾಗಾಯಿತು ಎಂಬ ಚರ್ಚೆಯೇ ಅತ್ಯುತ್ತಮ ಪಾಠವಾಗುತ್ತದೆ.

ಈಗ ಮೂರನೆಯ ವಿಚಾರಕ್ಕೆ, ಅಂದರೆ ಕಲಿಕೆಯ ಅಂಗಳಕ್ಕೆ ಇಳಿಯೋಣ. ಒಂದು ಅಭ್ಯಾಸವನ್ನು ಎತ್ತಿಕೊಳ್ಳುತ್ತೇನೆ. ದೀಪಾವಳಿಯ ರಾತ್ರಿಗಳಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು, ಹಾಡುತ್ತ ಮನೆಮನೆಗೆ ಬರುತ್ತಾರೆ. ದೀಪ ಆರಬಾರದು. ಮನೆಯವರು ಎಣ್ಣೆ ಎರೆದು, ಬಂದವರನ್ನು ಸತ್ಕರಿಸಿ ಕಳಿಸುತ್ತಾರೆ. ಇದನ್ನು 360 ಡಿಗ್ರಿಯಲ್ಲಿ ಚಿತ್ರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರೆ, ಹೆಚ್ಚಿನವರಿಗೆ ಮೊದಲು ಹೊಳೆಯುವುದು ಕ್ಯಾಮೆರಾವನ್ನು ಕೋಲಿಗೆ ಸಿಕ್ಕಿಸಿ ಹಾಡುಗಾರರ ಜೊತೆ ನಡೆಯುವುದು. ಹಾಗೆ ಮಾಡಿದರೆ ಏನಾಗುತ್ತದೆ? ಕುರ್ಚಿಯಲ್ಲಿ ಕುಳಿತು ನೋಡುವವನ ಕಣ್ಣು "ನಡೆಯುತ್ತಿದ್ದೇನೆ" ಎನ್ನುತ್ತದೆ, ಒಳಗಿವಿ "ಅಲ್ಲಾಡಿಲ್ಲ" ಎನ್ನುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಲೆ ಸುತ್ತಿ ಹೊಟ್ಟೆ ತೊಳಸುತ್ತದೆ. ಕತ್ತಲಲ್ಲಿ ಚಿಕ್ಕ ಸೆನ್ಸರಿನ ಕ್ಯಾಮೆರಾ ಅಲುಗಾಡಿದರೆ ಚಿತ್ರವೂ ಕಲಸಿಹೋಗುತ್ತದೆ.

ಬದಲಿಗೆ ಕ್ಯಾಮೆರಾವನ್ನು ಒಂದು ಮನೆಯ ಜಗಲಿಯಲ್ಲಿ, ಕುಳಿತವರ ಕಣ್ಣಿನ ಎತ್ತರಕ್ಕೆ, ಅಲ್ಲಾಡದಂತೆ ಇಡಿ. ಈಗ ನೋಡುಗ ಆ ಮನೆಯವನಾದ. ಮೊದಲು ಬರಿಯ ಕತ್ತಲು, ಜೀರುಂಡೆಯ ಸದ್ದು. ಎಲ್ಲೋ ದೂರದಲ್ಲಿ, ಬಲಗಡೆಯ ತೋಟದಾಚೆ, ಹಾಡು ಸಣ್ಣಗೆ ಕೇಳುತ್ತದೆ. ನಾಯಿ ಬೊಗಳುತ್ತದೆ. ನೋಡುಗ ತಾನಾಗಿಯೇ ಆ ಕಡೆ ತಿರುಗುತ್ತಾನೆ. ಅಡಿಕೆ ಮರಗಳ ಸಾಲಿನಲ್ಲಿ ಒಂದು ಬೆಳಕು ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ. ಹಾಡು ಅಂಗಳಕ್ಕೆ ಬಂದಾಗ ಹಿಂದುಗಡೆಯಿಂದ ಬಾಗಿಲು ತೆರೆದ ಸದ್ದಾಗುತ್ತದೆ. ಎಣ್ಣೆಯ ಗಿಂಡಿ ಹಿಡಿದ ಮನೆಯಾಕೆ ನೋಡುಗನ ಪಕ್ಕದಿಂದಲೇ ಹಾದುಹೋಗುತ್ತಾಳೆ. ಇಲ್ಲಿ ಒಂದು ಕತ್ತರಿಯೂ ಇಲ್ಲ, ಕ್ಯಾಮೆರಾದ ಚಲನೆಯೂ ಇಲ್ಲ. ಆದರೂ ಕಾಯುವಿಕೆಯಿಂದ ಆಗಮನದವರೆಗೆ ಒಂದು ಪೂರ್ಣ ಘಟನೆ ಕಟ್ಟಿಕೊಂಡಿತು. ಈ ಜಾಗವನ್ನು ಆರಿಸಲು ಬೇಕಾದದ್ದು ಒಂದೇ ತಿಳಿವಳಿಕೆ: ಅಂಟಿಗೆ ಪಂಟಿಗೆಯ ರಾತ್ರಿ ಮನೆಯವರು ಕಾಯುತ್ತಾರೆ ಎಂಬುದು. ಆ ಕಾಯುವಿಕೆಯನ್ನು ಬಲ್ಲವರು ಮಾತ್ರ ಕ್ಯಾಮೆರಾವನ್ನು ಜಗಲಿಯಲ್ಲಿ ಇಟ್ಟಾರು.

ಇದರಲ್ಲಿ ತಾಂತ್ರಿಕ ಪಾಠಗಳೂ ಅಡಗಿವೆ. ಕ್ಯಾಮೆರಾದ ಎರಡು ಮಸೂರಗಳು ಹಿಡಿದ ಚಿತ್ರಗಳನ್ನು ಹೊಲಿದು ಒಂದು ಮಾಡಬೇಕಾಗುತ್ತದೆ. ತೀರಾ ಹತ್ತಿರದಲ್ಲಿ, ಆ ಹೊಲಿಗೆಯ ಗೆರೆಯ ಮೇಲೆಯೇ ಯಾರಾದರೂ ಹಾದುಹೋದರೆ ಅವರ ದೇಹ ಕತ್ತರಿಸಿದಂತೆ ಕಾಣುತ್ತದೆ. ಆದ್ದರಿಂದ ಮನೆಯಾಕೆ ನಡೆಯುವ ದಾರಿ ಒಂದು ಮಸೂರಕ್ಕೆ ನೇರವಾಗಿ ಇರಬೇಕು. ಇನ್ನು ದೂರದ ಲೆಕ್ಕ. ಕ್ಯಾಮೆರಾ ಅಡ್ಡಡ್ಡ 5,760 ಚುಕ್ಕಿಗಳನ್ನು ಹಿಡಿದರೂ ಅವು ಸುತ್ತಲಿನ 360 ಡಿಗ್ರಿಗೆ ಹಂಚಿಹೋಗುತ್ತವೆ. ನೋಡುಗನ ಕಣ್ಣಿನ ಮುಂದೆ ಒಮ್ಮೆಗೆ ಕಾಣುವ 90 ಡಿಗ್ರಿಗೆ ದಕ್ಕುವುದು 1,440 ಮಾತ್ರ. ಅಂಗಳದ ಆಚೆ ತುದಿಯಲ್ಲಿ ನಿಂತವರ ಮುಖಭಾವ ಹಾಗಾಗಿ ಕಾಣುವುದಿಲ್ಲ. ಮುಖ ಮುಖ್ಯವಾದ ಕ್ಷಣ ಒಂದೂವರೆಯಿಂದ ಮೂರು ಮೀಟರಿನೊಳಗೆ ನಡೆಯಬೇಕು. ಚಿತ್ರೀಕರಿಸುವವರು ಎಲ್ಲಿ ನಿಂತರೂ ಕ್ಯಾಮೆರಾಗೆ ಕಾಣುವುದರಿಂದ ಅವರು ಮರೆಯಾಗಲೇಬೇಕು. ಅಂದರೆ ಎಲ್ಲವನ್ನೂ ಮೊದಲೇ ಯೋಚಿಸಿ, ಕ್ಯಾಮೆರಾ ಇಟ್ಟು, ದೂರ ಸರಿದು, ನಡೆಯುವುದನ್ನು ನಡೆಯಲು ಬಿಡಬೇಕು. ಈ ಸಂಯಮ ಹೊಸ ಮಾಧ್ಯಮ ಕಲಿಸುವ ದೊಡ್ಡ ಗುಣ.

ಚೌಕಟ್ಟಿಲ್ಲದ ಕಡೆ ನೋಡುಗನ ಕಣ್ಣನ್ನು ಸೆಳೆಯುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಯಕ್ಷಗಾನದ ಬಯಲಾಟದಲ್ಲಿ ಸಿದ್ಧ ಉತ್ತರವಿದೆ. ಪ್ರೇಕ್ಷಕರು ಮೂರು ಕಡೆ ಕುಳಿತಿರುತ್ತಾರೆ. ಯಾರು ಎತ್ತ ಬೇಕಾದರೂ ನೋಡಬಹುದು. ಆದರೆ ಚಂಡೆಯ ಪೆಟ್ಟು ಬದಲಾದೊಡನೆ ಇಡೀ ಸಭೆಗೆ ಯಾರೋ ಬರುತ್ತಿದ್ದಾರೆಂದು ತಿಳಿಯುತ್ತದೆ. ತೆರೆಯ ಹಿಂದಿನ ಕಿರೀಟದ ತುದಿ ಕಂಡಾಗ ಕುತೂಹಲ ಇನ್ನೂ ಬೆಳೆಯುತ್ತದೆ. ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ವೇಷದ ಪೂರ್ಣ ಪ್ರವೇಶ. ವಿಆರ್‌ಗೆ ಒಗ್ಗುವ ಕ್ರಮವೂ ಇದೇ. ನಮ್ಮ ಮಕ್ಕಳು ಇದನ್ನು ಚಿಕ್ಕಂದಿನಿಂದ ಅನುಭವಿಸಿದ್ದಾರೆ. ಅದನ್ನು ಗುರುತಿಸಿ ಬಳಸಿಕೊಳ್ಳುವಂತೆ ಮಾಡುವುದಷ್ಟೇ ಅಧ್ಯಾಪಕರ ಕೆಲಸ.

ಧ್ವನಿಯ ಬಗ್ಗೆ ಇನ್ನೊಂದು ಮಾತು. ಇಂಗ್ಲೆಂಡಿನ ಮೈಕೆಲ್ ಗರ್ಜನ್ ಅವರು 1970ರ ದಶಕದಲ್ಲಿ ಬೆಳೆಸಿದ ಆಂಬಿಸೋನಿಕ್ಸ್ ಪದ್ಧತಿಯಲ್ಲಿ, ಒಂದೇ ಮೈಕಿನ ನಾಲ್ಕು ಕಿವಿಗಳು ನಾಲ್ಕು ದಿಕ್ಕಿನ ಸದ್ದನ್ನು ಹಿಡಿಯುತ್ತವೆ. ನೋಡುಗ ತಲೆ ತಿರುಗಿಸಿದರೂ ಸದ್ದು ತನ್ನ ಜಾಗದಲ್ಲೇ ಉಳಿಯುತ್ತದೆ. ಮಲೆನಾಡಿನ ಮಳೆಯನ್ನು ಹಿಡಿಯಲು ಇದಕ್ಕಿಂತ ತಕ್ಕ ಸಾಧನವಿಲ್ಲ. ಹಂಚಿನ ಮೇಲೆ ಬೀಳುವ ಮಳೆ, ಅಡಿಕೆ ಸೋಗೆಯ ಮೇಲಿನ ಮಳೆ, ಗದ್ದೆಯ ನೀರಿನ ಮೇಲಿನ ಮಳೆ, ನಿಂತ ಮೇಲೂ ಸೂರಿನಂಚಿನಿಂದ ತೊಟ್ಟಿಕ್ಕುವ ಹನಿ, ಒಂದೊಂದರ ಸದ್ದೂ ಬೇರೆ. ಕ್ಯಾಮೆರಾ ಮುಟ್ಟುವ ಮೊದಲು ಒಂದಿಡೀ ದಿನ ಕಣ್ಣು ಮುಚ್ಚಿ ಇವನ್ನು ಕೇಳಿ, ಯಾವ ಸದ್ದು ಎತ್ತಣಿಂದ ಬಂತೆಂದು ಕಾಗದದ ಮೇಲೆ ಗುರುತು ಹಾಕುವ ಅಭ್ಯಾಸವನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ.

ಇನ್ನು ನಾಲ್ಕನೆಯ ವಿಚಾರ, ಹೊಣೆಗಾರಿಕೆ. ಫೋಟೊಗ್ರಾಮೆಟ್ರಿಯ ಮೂಲಕ ಇಕ್ಕೇರಿಯ ಅಘೋರೇಶ್ವರ ದೇವಾಲಯವನ್ನೋ ಕವಲೇದುರ್ಗದ ಕೋಟೆಯನ್ನೋ ನಗರದ ಕೋಟೆಯನ್ನೋ ಕಲ್ಲು ಕಲ್ಲಾಗಿ ದಾಖಲಿಸಬಹುದು. ಒಂದೊಂದು ಫೋಟೊ ಪಕ್ಕದ ಫೋಟೊದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಳಗೊಳ್ಳುವಂತೆ ತೆಗೆಯುತ್ತ ಹೋದರೆ, ಕಂಪ್ಯೂಟರ್ ಅವುಗಳ ಹೊಂದಾಣಿಕೆಯಿಂದ ಆಕಾರವನ್ನು ಲೆಕ್ಕಹಾಕುತ್ತದೆ. ಗಾಢ ನೆರಳು ಬೀಳದ ಮೋಡದ ದಿನ ಇದಕ್ಕೆ ಒಳ್ಳೆಯದು. ಸಂರಕ್ಷಿತ ಸ್ಮಾರಕಗಳಲ್ಲಿ ಇಂಥ ಕೆಲಸಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು ಎಂಬುದು ಕಲಿಕೆಯ ಭಾಗವೇ ಆಗಬೇಕು. ಆದರೆ ಈ ವಿಧಾನ ಸೋಲುವ ಜಾಗವೊಂದಿದೆ. ಹೊಳೆಯುವ, ಅಲುಗುವ ಮೇಲ್ಮೈ ಅದಕ್ಕೆ ದಕ್ಕುವುದಿಲ್ಲ. ನೀರು ಅದಕ್ಕೆ ಕಾಣುವುದಿಲ್ಲ.

ಮತ್ತು ನಮ್ಮ ಸೀಮೆಯ ಅತಿ ದೊಡ್ಡ ಕತೆ ಇರುವುದು ನೀರಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ನೀರು ತೀರಾ ಇಳಿದ ಬೇಸಗೆಗಳಲ್ಲಿ ಅದು ಮೇಲೆದ್ದು ಕಾಣುತ್ತದೆ. ಸಾಗರದಲ್ಲಿ ನೆಲೆಸಿದ್ದ ನಾ. ಡಿಸೋಜ ಅವರು ಮುಳುಗಡೆಯ ನೋವನ್ನು 'ದ್ವೀಪ' ಕಾದಂಬರಿಯಲ್ಲಿ ಬರೆದರು. ಕಾಸರವಳ್ಳಿ ಅವರು 2002ರಲ್ಲಿ ಅದನ್ನು ಸಿನಿಮಾ ಮಾಡಿದರು. ಅದಕ್ಕೂ ಸ್ವರ್ಣಕಮಲ ಬಂತು, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಹೊಸ ತಂತ್ರಜ್ಞಾನ ಬಂದಾಗ ಮುಳುಗಿದ ಊರನ್ನೇ ವಿಆರ್‌ನಲ್ಲಿ ಮತ್ತೆ ಕಟ್ಟೋಣ ಎಂಬ ಆಸೆ ಹುಟ್ಟುವುದು ಸಹಜ. ಕಟ್ಟಬಹುದು, ಕಟ್ಟಬೇಕು ಎಂದೇ ನಾನೂ ಹೇಳುತ್ತೇನೆ. ಆದರೆ ಹೇಗೆ?

ಅಳೆಯಲು ಅಲ್ಲಿ ಕಲ್ಲಿಲ್ಲ, ಗೋಡೆಯಿಲ್ಲ. ಇರುವುದು ಒಕ್ಕಲೆದ್ದು ಹೋದ ಹಿರಿಯರ ನೆನಪು. ಮನೆಯಿಂದ ಕೆರೆಗೆ ಎಷ್ಟು ಹೆಜ್ಜೆ, ತುಳಸಿಕಟ್ಟೆ ಯಾವ ಕಡೆ, ಗದ್ದೆಯ ಬದುವಿನಿಂದ ಯಾವ ಗುಡ್ಡ ಕಾಣುತ್ತಿತ್ತು, ಇದನ್ನೆಲ್ಲ ಅವರ ಬಾಯಲ್ಲಿ ಕೇಳಿ ನಕ್ಷೆ ಬರೆಯಬೇಕು. ಇಬ್ಬರ ನೆನಪು ಹೊಂದದಿದ್ದಾಗ ಎರಡನ್ನೂ ಉಳಿಸಿಕೊಳ್ಳಬೇಕು. ಆ ಮನೆಯೊಳಗೆ ನೋಡುಗನನ್ನು ಎಲ್ಲಿಯವರೆಗೆ ಬಿಡಬಹುದು, ದೇವರ ಕೋಣೆಗೆ ಬಿಡಬಹುದೇ ಎಂಬುದನ್ನು ಅವರೇ ನಿರ್ಧರಿಸಬೇಕು. ಶರಾವತಿ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳಿಂದ ಜೀವಂತವಾಗಿದೆ. ಕಂಪ್ಯೂಟರಿನಲ್ಲಿ ಮನೆ ಕಟ್ಟಿಕೊಟ್ಟು ನೆಲದ ಪ್ರಶ್ನೆಯನ್ನು ಮರೆಸುವ ಕೃತಿ ಅವರಿಗೆ ಎರಡನೆಯ ಅನ್ಯಾಯವಾದೀತು. ನೋಡುಗನನ್ನು ಪ್ರವಾಸಿಯಾಗಿ ನಿಲ್ಲಿಸುತ್ತೇವೆಯೋ, ಸಾಕ್ಷಿಯಾಗಿ ನಿಲ್ಲಿಸುತ್ತೇವೆಯೋ? ನಾನು ಆರಂಭದಲ್ಲಿ ಕೇಳಿದ ಪ್ರಶ್ನೆ ಇಲ್ಲಿ ಕಲೆಯ ಪ್ರಶ್ನೆಯಾಗಿ ಉಳಿಯದೆ ನ್ಯಾಯದ ಪ್ರಶ್ನೆಯಾಗುತ್ತದೆ.

ಇಂಥ ನೆನಪುಗಳನ್ನು ದಾಖಲಿಸುವುದು ತಡಮಾಡುವ ಕೆಲಸವೂ ಅಲ್ಲ. ತುಮರಿ, ಸಿಗಂದೂರು ಕಡೆಯ ಜನ ದಶಕಗಳ ಕಾಲ ಲಾಂಚಿನಲ್ಲಿ ಶರಾವತಿಯ ಹಿನ್ನೀರು ದಾಟುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ಆಸ್ಪತ್ರೆಗೆ, ಶಾಲೆಗೆ ಹೋಗುವವರಿಗೆ ಅದು ಬಹುಕಾಲದ ಬೇಡಿಕೆ ಈಡೇರಿದ ಸಂತೋಷ. ಅದರ ಜೊತೆಯಲ್ಲೇ, ಲಾಂಚಿಗಾಗಿ ದಡದಲ್ಲಿ ಕಾದ ಬದುಕಿನ ಒಂದು ಅಧ್ಯಾಯ ನೆನಪಿಗೆ ಸರಿಯಿತು. ಅದನ್ನು ಬದುಕಿದವರು ನಮ್ಮ ನಡುವೆ ಇರುವಾಗಲೇ ದಾಖಲಿಸಬೇಕು.

ಕೊನೆಗೆ ಕೆಲವು ಸಲಹೆಗಳು. ಕರ್ನಾಟಕ ಸರ್ಕಾರ 2012ರಲ್ಲೇ ಆನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ನೀತಿ ರೂಪಿಸಿತು. ಈಗಿನ ನೀತಿಯಲ್ಲಿ ವಿಆರ್‌ನಂಥ ಮಾಧ್ಯಮಗಳೂ ಸೇರಿವೆ. ಅದರ ಫಲ ಬೆಂಗಳೂರಿನಾಚೆಗೂ ಹರಿಯಬೇಕಾದರೆ ನಾವೇ ಮುಂದೆ ನಿಂತು ಕೇಳಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಕಾಲೇಜುಗಳು ಸೇರಿ ಹತ್ತು ದಿನಗಳ ಒಂದು ಶಿಬಿರ ನಡೆಸಬಹುದು. ಮೊದಲ ಮೂರು ದಿನ ಒಳ್ಳೆಯ ಚಿತ್ರಗಳನ್ನು ನೋಡುವುದು, ಒಂದು ರಾತ್ರಿ ಬಯಲಾಟಕ್ಕೆ ಹೋಗುವುದು, ಒಂದು ದಿನ ಬರೀ ಕೇಳುವುದು. ಆಮೇಲೆ ಒಂದೇ ಒಂದು ಜಾಗ, ಒಂದೇ ಒಂದು ಚಿತ್ರಿಕೆ. ಮೂರು ತಾಲ್ಲೂಕುಗಳಿಗೂ ಸೇರಿ ಒಂದೆರಡು ಕ್ಯಾಮೆರಾ, ಒಂದು ಮೈಕು, ನಾಲ್ಕಾರು ಹೆಡ್‌ಸೆಟ್ ಸಾಕು. ಅವು ಗ್ರಂಥಾಲಯದ ಪುಸ್ತಕಗಳಂತೆ ಕೈಯಿಂದ ಕೈಗೆ ಹೋಗಲಿ. ತ್ರಿಆಯಾಮ ಮಾದರಿ ಕಟ್ಟುವ ಬ್ಲೆಂಡರ್‌ನಂಥ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಮಾಡಿದ ಕೃತಿಯ ಮೊದಲ ಪ್ರದರ್ಶನ, ಅದರಲ್ಲಿ ಕಾಣಿಸಿಕೊಂಡವರ ಊರಿನಲ್ಲಿ, ಅವರ ಮುಂದೆಯೇ ನಡೆಯಬೇಕು. ಅವರು ಒಪ್ಪಿದ ಮೇಲೆ ಹೊರಗೆ ಹೋಗಬೇಕು. ಮೂಲ ದಾಖಲೆಯ ಒಂದು ಪ್ರತಿ ಆ ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಉಳಿಯಬೇಕು.

ಅರ್ಧ ಶತಮಾನದ ಹಿಂದೆ ಹೆಗ್ಗೋಡು ಒಂದು ಸಂಗತಿಯನ್ನು ಸಾಧಿಸಿ ತೋರಿಸಿತು: ಜಗತ್ತಿನ ಅತ್ಯುತ್ತಮ ಸಿನಿಮಾವನ್ನು ಅರಿಯಲು ಹಳ್ಳಿಯಲ್ಲಿ ಹುಟ್ಟಿದ್ದು ಅಡ್ಡಿಯಲ್ಲ. ಇಂದಿನ ತಲೆಮಾರಿನ ಮುಂದಿರುವ ಕೆಲಸ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಹಳ್ಳಿಯನ್ನು ಬಲ್ಲವರೇ ಆ ಸಿನಿಮಾವನ್ನು ಮಾಡಬೇಕು. ಇಲ್ಲವಾದರೆ ಹೊರಗಿನವರು ಬಂದು, ತಮಗೆ ಚಂದ ಕಂಡ ಎತ್ತರದಿಂದ, ಜಲಪಾತವನ್ನೂ ಕಾಡನ್ನೂ ಚಿತ್ರಿಸಿಕೊಂಡು ಹೋಗುತ್ತಾರೆ, ಜಗಲಿಯಲ್ಲಿ ಕುಳಿತವರ ಎತ್ತರ ಯಾರಿಗೂ ತಿಳಿಯುವುದಿಲ್ಲ. ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರು, ಈ ಕಾಲೇಜು, ಈ ಸಭೆಯಲ್ಲಿರುವ ರಂಗಕರ್ಮಿಗಳು ಕೈಜೋಡಿಸಿದರೆ ಮೊದಲ ಶಿಬಿರ ಬರುವ ದೀಪಾವಳಿಯೊಳಗೆ ನಡೆಯಬಹುದು. ಅದಕ್ಕೆ ಬೇಕಾದ ಪಾಠಪಟ್ಟಿ ಸಿದ್ಧಪಡಿಸುವ ಹೊಣೆಯನ್ನು ನಾನು ಸಂತೋಷದಿಂದ ಹೊರುತ್ತೇನೆ.